ನಿರುದ್ಯೋಗ ಭತ್ಯೆ ಮತ್ತು ಕೆಲಸ ಹುಡುಕುವ ಷರತ್ತು

ನಿರುದ್ಯೋಗ ವಿಮೆ ಜಾರಿಯಲ್ಲಿರುವ ಬಹುತೇಕ ದೇಶಗಳಲ್ಲಿ ಕೆಲಸ ಹೋದ ಮಾತ್ರಕ್ಕೆ ಭತ್ಯೆ ಸಿಗುವುದಿಲ್ಲ. ಭತ್ಯೆ ಪಡೆಯುವಷ್ಟು ಕಾಲವೂ ಹೊಸ ಕೆಲಸ ಹುಡುಕುತ್ತಿರಬೇಕು, ಹುಡುಕಿದ್ದಕ್ಕೆ ಲೆಕ್ಕ ಇಟ್ಟಿರಬೇಕು, ತಕ್ಕ ಕೆಲಸ ಎದುರಾದರೆ ಒಲ್ಲೆ ಎನ್ನಬಾರದು. ಅಮೆರಿಕದಲ್ಲಿ ಈ ಲೆಕ್ಕವನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಒಪ್ಪಿಸಬೇಕು, ಸ್ವಿಟ್ಜರ್ಲೆಂಡಿನಲ್ಲಿ ತಿಂಗಳಿಗೊಮ್ಮೆ. ಬ್ರಿಟನ್ನಿನಲ್ಲಿ ಉದ್ಯೋಗ ಕೇಂದ್ರದ ಸಲಹೆಗಾರರ ಮುಂದೆ ಕುಳಿತು ಒಪ್ಪಿಸಬೇಕು. ತಪ್ಪಿದರೆ ಆ ಅವಧಿಯ ಹಣ ನಿಲ್ಲುತ್ತದೆ, ಕೆಲವು ಕಡೆ ತಿಂಗಳುಗಟ್ಟಲೆ ನಿಲ್ಲುತ್ತದೆ.

ಈ ಷರತ್ತಿಗೆ ನೂರು ವರ್ಷ ದಾಟಿದ ಇತಿಹಾಸವಿದೆ. ಭತ್ಯೆ ಪಡೆಯುವವನ ಶ್ರಮವನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಅವನಿಗೆ ಕೆಲಸ ತೋರಿಸುವ ಹೊಣೆಯನ್ನೂ ಸರ್ಕಾರ ಹೊತ್ತ ಕಡೆ ಅದು ಜನರನ್ನು ಮತ್ತೆ ದುಡಿಮೆಗೆ ಹಚ್ಚಿದೆ. ಆ ಹೊಣೆಯನ್ನು ಮರೆತು ಬರೀ ಅರ್ಜಿಗಳನ್ನು ಎಣಿಸಿದ ಕಡೆ, ನಿಜಕ್ಕೂ ಕಷ್ಟದಲ್ಲಿದ್ದವರನ್ನೇ ವ್ಯವಸ್ಥೆಯಿಂದ ಹೊರಗಟ್ಟಿದೆ.

ಷರತ್ತು ಏಕೆ ಬೇಕಾಯಿತು

ಬೆಳೆ ವಿಮೆಯಲ್ಲಿ ಮಳೆ ಬಂತೋ ಇಲ್ಲವೋ ಎಂಬುದನ್ನು ಮಳೆಮಾಪಕವೇ ಹೇಳುತ್ತದೆ. ಅದರ ಮೇಲೆ ರೈತನ ಹಿಡಿತವಿಲ್ಲ. ನಿರುದ್ಯೋಗದ ವಿಮೆ ಹಾಗಲ್ಲ. ಕೆಲಸ ಹೋಗುವುದು ಕಾರ್ಮಿಕನ ಕೈಯಲ್ಲಿ ಇರದಿರಬಹುದು, ಆದರೆ ಎಷ್ಟು ದಿನ ಕೆಲಸವಿಲ್ಲದೆ ಇರುತ್ತಾನೆ ಎಂಬುದು ಸ್ವಲ್ಪಮಟ್ಟಿಗೆ ಅವನ ನಡೆಯನ್ನೂ ಅವಲಂಬಿಸುತ್ತದೆ. ಎಷ್ಟು ಕಡೆ ವಿಚಾರಿಸಿದ, ಯಾವ ಸಂಬಳಕ್ಕೆ ಒಪ್ಪಿದ, ಎಷ್ಟು ದೂರ ಹೋಗಲು ಸಿದ್ಧನಾದ ಎಂಬುದರ ಮೇಲೆ ಆ ಅವಧಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಭತ್ಯೆಯ ಹಣ ಬರುವುದು ದುಡಿಯುತ್ತಿರುವ ಇತರರ ಅಥವಾ ಅವರ ಮಾಲೀಕರ ವಂತಿಗೆಯಿಂದ. ಆ ಹಣ ಕೆಲಸ ಬೇಕೆಂದರೂ ಸಿಗದವರಿಗೆ ಮಾತ್ರ ಹೋಗುತ್ತಿದೆ ಎಂಬ ನಂಬಿಕೆ ಉಳಿಯದಿದ್ದರೆ ವಂತಿಗೆ ಕೊಡುವವರ ಒಪ್ಪಿಗೆಯೂ ಉಳಿಯುವುದಿಲ್ಲ.

ಹಾಗೆಂದು ಬೇಗ ಸಿಕ್ಕ ಕೆಲಸವೆಲ್ಲ ಒಳ್ಳೆಯ ಕೆಲಸವಲ್ಲ. ಹದಿನೈದು ವರ್ಷ ಯಂತ್ರದ ಮುಂದೆ ಪಳಗಿದ ಕುಶಲಿಯೊಬ್ಬ ಹೊಟ್ಟೆಪಾಡಿಗೆಂದು ಕೈಗೆ ಸಿಕ್ಕ ಮೊದಲ ಕೂಲಿಗೆ ಸೇರಿಕೊಂಡರೆ ಅವನಿಗೂ ನಷ್ಟ, ಅವನ ಕೌಶಲ ಬೇಕಾಗಿದ್ದ ಕಾರ್ಖಾನೆಗೂ ನಷ್ಟ. ಕೆಲಸ ಮತ್ತು ಕೆಲಸಗಾರ ಒಬ್ಬರಿಗೊಬ್ಬರು ಸಿಗಲು ಸಮಯವೂ ಶ್ರಮವೂ ಬೇಕು ಎಂಬುದನ್ನು ಸಿದ್ಧಾಂತವಾಗಿ ಬೆಳೆಸಿದ ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಪಿಸ್ಸಾರಿಡಿಸ್ ಅವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹುಡುಕಲು ಬೇಕಾದ ಬಿಡುವನ್ನು ಭತ್ಯೆ ಕೊಡುತ್ತದೆ. ಆ ಬಿಡುವು ಹುಡುಕಾಟದಲ್ಲೇ ಕಳೆಯಲಿ ಎಂಬುದು ಷರತ್ತಿನ ಉದ್ದೇಶ.

ಬ್ರಿಟನ್ ಕಲಿತ ಪಾಠ

ದೇಶಮಟ್ಟದ ಕಡ್ಡಾಯ ನಿರುದ್ಯೋಗ ವಿಮೆಯನ್ನು ಮೊದಲು ತಂದದ್ದು ಬ್ರಿಟನ್, 1911ರ ರಾಷ್ಟ್ರೀಯ ವಿಮಾ ಕಾಯ್ದೆಯ ಮೂಲಕ. ಕಟ್ಟಡ ನಿರ್ಮಾಣ, ಹಡಗು ನಿರ್ಮಾಣದಂಥ ಕೆಲವೇ ಉದ್ಯಮಗಳಿಗೆ ಆಗ ಅದು ಅನ್ವಯವಾಗುತ್ತಿತ್ತು. ಕೆಲಸವಿಲ್ಲದವರು ಸರ್ಕಾರಿ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ, ಅಲ್ಲಿ ತೋರಿಸಿದ ಕೆಲಸಕ್ಕೆ ಒಪ್ಪಿಕೊಂಡರೆ ಸಾಕಿತ್ತು.

ಮೊದಲ ಮಹಾಯುದ್ಧ ಮುಗಿದು ನಿರುದ್ಯೋಗ ಏರಿದಾಗ ವಿಮಾ ನಿಧಿಯ ಮೇಲೆ ಭಾರ ಬಿತ್ತು. 1921ರಲ್ಲಿ ಸರ್ಕಾರ ಹೊಸ ಪರೀಕ್ಷೆಯೊಂದನ್ನು ತಂದಿತು. ಅರ್ಜಿದಾರ ಪ್ರಾಮಾಣಿಕವಾಗಿ ಕೆಲಸ ಹುಡುಕುತ್ತಿದ್ದಾನೆ ಎಂದು ಅವನೇ ಸಾಬೀತುಪಡಿಸಬೇಕಿತ್ತು. ಗಣಿಗಳು ಮುಚ್ಚಿದ ಊರಿನಲ್ಲಿ, ಹಡಗುಕಟ್ಟೆ ಬರಿದಾದ ಊರಿನಲ್ಲಿ, ಇಲ್ಲದ ಕೆಲಸವನ್ನು ಹುಡುಕಿದ್ದೇನೆಂದು ಜನ ಸಾಕ್ಷಿ ಹೇಳಬೇಕಾಯಿತು. ಕಾರ್ಖಾನೆಯ ಬಾಗಿಲಿನಿಂದ ಬಾಗಿಲಿಗೆ ನಡೆದು, ಕೆಲಸವಿಲ್ಲ ಎಂಬ ಉತ್ತರವನ್ನೇ ಸಂಗ್ರಹಿಸುವುದು ದಿನಚರಿಯಾಯಿತು. ಆ ಪರೀಕ್ಷೆ ಜಾರಿಯಲ್ಲಿದ್ದ ವರ್ಷಗಳಲ್ಲಿ ಸುಮಾರು 30 ಲಕ್ಷ ಅರ್ಜಿಗಳು ಇದೇ ಕಾರಣಕ್ಕೆ ತಿರಸ್ಕೃತವಾದವು. ಕಾರ್ಮಿಕ ಸಂಘಟನೆಗಳ ಪ್ರತಿಭಟನೆಯ ನಂತರ, ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ನೇತೃತ್ವದ ಲೇಬರ್ ಸರ್ಕಾರ 1930ರಲ್ಲಿ ಅದನ್ನು ಕೈಬಿಟ್ಟಿತು. ಸಾಬೀತುಪಡಿಸುವ ಭಾರ ಅರ್ಜಿದಾರನ ಹೆಗಲಿನಿಂದ ಇಳಿಯಿತು. ಇಂಥ ಕೆಲಸ ಇದೆ ಎಂದು ತಿಳಿಸಿದರೂ ಅವನು ಹೋಗಲಿಲ್ಲ ಎಂಬುದನ್ನು ಇನ್ನು ಮುಂದೆ ಉದ್ಯೋಗ ಕೇಂದ್ರವೇ ತೋರಿಸಬೇಕಾಯಿತು.

ಹಲವು ದಶಕಗಳ ನಂತರ ಷರತ್ತು ಹೊಸ ರೂಪದಲ್ಲಿ ಮರಳಿತು. 1995ರ ಕಾಯ್ದೆಯಂತೆ 1996ರ ಅಕ್ಟೋಬರ್‌ನಲ್ಲಿ ಬಂದ ಹೊಸ ಭತ್ಯೆಗೆ ಉದ್ಯೋಗ ಅರಸುವವರ ಭತ್ಯೆ ಎಂದೇ ಹೆಸರಾಯಿತು. ಅದನ್ನು ಪಡೆಯುವವರು ಸಹಿ ಹಾಕಿದ ಒಪ್ಪಂದದಂತೆ ನಡೆದು, ಎರಡು ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಹುಡುಕಾಟದ ವಿವರ ಕೊಡಬೇಕಿತ್ತು. 2013ರಿಂದ ಹಂತಹಂತವಾಗಿ ಜಾರಿಯಾದ ಯುನಿವರ್ಸಲ್ ಕ್ರೆಡಿಟ್ ವ್ಯವಸ್ಥೆಯಲ್ಲಿ ಷರತ್ತು ಇನ್ನಷ್ಟು ಬಿಗಿಯಾಯಿತು. ಆರೋಗ್ಯವಾಗಿದ್ದು, ಮನೆಯಲ್ಲಿ ಆರೈಕೆಯ ಹೊಣೆ ಇಲ್ಲದವರು ವಾರಕ್ಕೆ 35 ಗಂಟೆಗಳವರೆಗೆ, ಎಂದರೆ ಹೆಚ್ಚುಕಡಿಮೆ ಪೂರ್ಣಾವಧಿ ನೌಕರಿಯಷ್ಟೇ ಸಮಯ, ಹುಡುಕಾಟಕ್ಕೆ ಕೊಡಬೇಕೆಂಬ ನಿರೀಕ್ಷೆ ಅಲ್ಲಿದೆ.

ಅಮೆರಿಕದ ವಾರದ ಲೆಕ್ಕ

ಅಮೆರಿಕದಲ್ಲಿ ನಿರುದ್ಯೋಗ ವಿಮೆಯ ಕಾನೂನನ್ನು ಮೊದಲು ಮಾಡಿದ್ದು ವಿಸ್ಕಾನ್ಸಿನ್ ರಾಜ್ಯ, 1932ರಲ್ಲಿ. ಮಹಾ ಆರ್ಥಿಕ ಕುಸಿತದ ನಡುವೆ 1935ರಲ್ಲಿ ಬಂದ ಸಾಮಾಜಿಕ ಭದ್ರತಾ ಕಾಯ್ದೆ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ಅಂದಿನಿಂದ ಇದು ಕೇಂದ್ರ ಮತ್ತು ರಾಜ್ಯಗಳ ಜಂಟಿ ವ್ಯವಸ್ಥೆ. ಚೌಕಟ್ಟು ಕೇಂದ್ರದ್ದು; ಎಷ್ಟು ಹಣ, ಎಷ್ಟು ವಾರ, ಯಾವ ಷರತ್ತು ಎಂಬುದು ಆಯಾ ರಾಜ್ಯದ್ದು. ಮೂರು ರಾಜ್ಯಗಳನ್ನು ಬಿಟ್ಟರೆ ಉಳಿದೆಲ್ಲೆಡೆ ಇದಕ್ಕೆ ತೆರಿಗೆ ಕಟ್ಟುವವರು ಮಾಲೀಕರು ಮಾತ್ರ. ಹಿಂದಿನ ನೌಕರರು ಭತ್ಯೆ ಪಡೆದಷ್ಟೂ ಮಾಲೀಕನ ತೆರಿಗೆ ದರ ಏರುತ್ತದೆ. ಆದ್ದರಿಂದ ಅರ್ಜಿದಾರನ ಅರ್ಹತೆಯನ್ನು ಪ್ರಶ್ನಿಸುವ ಆಸಕ್ತಿ ಸರ್ಕಾರದಷ್ಟೇ ಮಾಲೀಕನಿಗೂ ಇರುತ್ತದೆ.

ಅರ್ಹತೆಯನ್ನು ಎರಡು ಹಂತದಲ್ಲಿ ನೋಡುತ್ತಾರೆ. ಮೊದಲನೆಯದು ಕೆಲಸ ಹೋದ ಬಗೆ. ಸಾಮಾನ್ಯವಾಗಿ ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡವರಿಗೆ ಭತ್ಯೆ ಸಿಗುತ್ತದೆ. ಸಕಾರಣವಿಲ್ಲದೆ ತಾನೇ ಬಿಟ್ಟವರಿಗೂ ದುರ್ನಡತೆಗಾಗಿ ವಜಾ ಆದವರಿಗೂ ಸಿಗುವುದಿಲ್ಲ. ಎರಡನೆಯದು ವಾರದಿಂದ ವಾರಕ್ಕೆ ಉಳಿಸಿಕೊಳ್ಳಬೇಕಾದ ಅರ್ಹತೆ, ಇದಕ್ಕೆ ಮೂರು ಅಂಗಗಳಿವೆ. ವ್ಯಕ್ತಿ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು, ಕೆಲಸ ಬಂದರೆ ಹೋಗಲು ಅಡ್ಡಿಯಿಲ್ಲದೆ ಲಭ್ಯನಿರಬೇಕು, ಸಕ್ರಿಯವಾಗಿ ಹುಡುಕುತ್ತಿರಬೇಕು. ಹುಡುಕಾಟದ ನಿಯಮ ರಾಜ್ಯಗಳಲ್ಲಿ ಮೊದಲಿನಿಂದಲೂ ಬೇರೆಬೇರೆ ರೂಪದಲ್ಲಿ ಇತ್ತು. 2012ರ ಫೆಬ್ರವರಿಯ ಕಾನೂನು ಈ ಮೂರನ್ನೂ ಕೇಂದ್ರದ ಕಡ್ಡಾಯ ನಿಯಮವನ್ನಾಗಿ ಮಾಡಿತು.

ವಾರ ಮುಗಿದ ಮೇಲೆ ಅರ್ಜಿದಾರ ಆನ್‌ಲೈನ್‌ನಲ್ಲೋ ಫೋನಿನಲ್ಲೋ ಒಂದಷ್ಟು ಪ್ರಶ್ನೆಗಳಿಗೆ ಉತ್ತರಿಸಿ ದೃಢೀಕರಣ ಕೊಡಬೇಕು. ಈ ವಾರ ದುಡಿದಿರಾ, ಎಷ್ಟು ಗಳಿಸಿದಿರಿ, ಯಾವುದಾದರೂ ಕೆಲಸವನ್ನು ನಿರಾಕರಿಸಿದಿರಾ, ಎಲ್ಲೆಲ್ಲಿ ಹುಡುಕಿದಿರಿ ಎಂಬ ಬಗೆಯ ಪ್ರಶ್ನೆಗಳವು. ಹುಡುಕಾಟದ ಪ್ರಮಾಣ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಸ್ಕಾನ್ಸಿನ್‌ನಲ್ಲಿ ವಾರಕ್ಕೆ ಕನಿಷ್ಠ 4 ಪ್ರಯತ್ನ, ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 3. ಪೆನ್ಸಿಲ್ವೇನಿಯಾದಲ್ಲಿ 2 ಅರ್ಜಿ ಮತ್ತು 1 ಇತರ ಚಟುವಟಿಕೆ. ಫ್ಲಾರಿಡಾದಲ್ಲಿ 5 ಮಾಲೀಕರನ್ನು ಸಂಪರ್ಕಿಸಬೇಕು. ಜನಸಂಖ್ಯೆ ಕಡಿಮೆ ಇರುವ ಕೌಂಟಿಗಳಲ್ಲಿ 3 ಸಾಕು. ಸಣ್ಣ ಊರಿನಲ್ಲಿ ಕೆಲಸ ಕೊಡುವವರೇ ಕಡಿಮೆ ಎಂಬುದನ್ನು ಗಮನಿಸಿ ಕೊಟ್ಟ ರಿಯಾಯಿತಿ ಅದು.

ಅರ್ಜಿ ಹಾಕುವುದೊಂದೇ ಹುಡುಕಾಟವಲ್ಲ. ಸಂದರ್ಶನಕ್ಕೆ ಹೋಗುವುದು, ಉದ್ಯೋಗ ಮೇಳದಲ್ಲಿ ಭಾಗವಹಿಸುವುದು, ರಾಜ್ಯದ ಉದ್ಯೋಗ ಜಾಲತಾಣದಲ್ಲಿ ರೆಸ್ಯೂಮೆ ಹಾಕುವುದು, ರೆಸ್ಯೂಮೆ ಬರೆಯುವ ಅಥವಾ ಸಂದರ್ಶನ ಎದುರಿಸುವ ಕಾರ್ಯಾಗಾರಕ್ಕೆ ಹಾಜರಾಗುವುದು, ವೃತ್ತಿ ಸಲಹೆಗಾರರನ್ನು ಕಾಣುವುದು, ಇವೆಲ್ಲ ಬಹುತೇಕ ರಾಜ್ಯಗಳಲ್ಲಿ ಲೆಕ್ಕಕ್ಕೆ ಬರುತ್ತವೆ. ಜಾಹೀರಾತುಗಳನ್ನು ಸುಮ್ಮನೆ ಓದಿದರೆ ಸಾಮಾನ್ಯವಾಗಿ ಬರುವುದಿಲ್ಲ. ಪ್ರತಿ ಪ್ರಯತ್ನಕ್ಕೂ ದಿನಾಂಕ, ಸಂಸ್ಥೆಯ ಹೆಸರು, ಹುದ್ದೆ, ಸಂಪರ್ಕಿಸಿದ ಬಗೆ, ಬಂದ ಉತ್ತರ ಇಷ್ಟನ್ನು ಬರೆದಿಟ್ಟುಕೊಳ್ಳಬೇಕು. ಕೆಲವು ರಾಜ್ಯಗಳು ಅದನ್ನು ವಾರವಾರವೂ ಪಡೆಯುತ್ತವೆ. ಕೆಲವು ಕೇಳಿದಾಗ ಮಾತ್ರ ತೋರಿಸಿದರೆ ಸಾಕೆನ್ನುತ್ತವೆ. ಯಾದೃಚ್ಛಿಕವಾಗಿ ಆರಿಸಿದ ಪ್ರಕರಣಗಳನ್ನು ಅಧಿಕಾರಿಗಳು ತಪಾಸಣೆ ಮಾಡುವುದರಿಂದ, ಹುಡುಕಿಯೂ ಬರೆದಿಡದವರು ಹುಡುಕದವರ ಸಾಲಿಗೇ ಸೇರಿಬಿಡುತ್ತಾರೆ. ತಪ್ಪಾಗಿ ಸಂದಾಯವಾದ ಭತ್ಯೆ ಎಂದು ಅಮೆರಿಕದಲ್ಲಿ ಲೆಕ್ಕ ಸಿಗುವ ಹಣದಲ್ಲಿ ಹುಡುಕಾಟದ ದಾಖಲೆಗೆ ಸಂಬಂಧಿಸಿದ ದೋಷಗಳದು ದೊಡ್ಡ ಪಾಲು.

ತಪಾಸಣೆಯ ಜೊತೆಗೆ ನೆರವಿನ ಕಾರ್ಯಕ್ರಮವೂ ಇದೆ. ಬೇಗ ಕೆಲಸ ಸಿಗುವುದು ಕಷ್ಟ ಎನಿಸುವ ಅರ್ಜಿದಾರರನ್ನು ಆರಿಸಿ, ಉದ್ಯೋಗ ಕೇಂದ್ರಕ್ಕೆ ಕರೆಸಿ, ಅರ್ಹತೆಯನ್ನು ಪರಿಶೀಲಿಸುತ್ತಾರೆ. ಅದೇ ಭೇಟಿಯಲ್ಲಿ ಸ್ಥಳೀಯ ಉದ್ಯೋಗ ಮಾರುಕಟ್ಟೆಯ ಮಾಹಿತಿ ಕೊಟ್ಟು, ಮುಂದಿನ ಹುಡುಕಾಟಕ್ಕೆ ಯೋಜನೆ ಹಾಕಿಕೊಡುತ್ತಾರೆ. 2005ರಲ್ಲಿ ಸಣ್ಣದಾಗಿ ಆರಂಭವಾದ ಈ ಕ್ರಮಕ್ಕೆ 2018ರಲ್ಲಿ ಕಾನೂನಿನ ಶಾಶ್ವತ ಮನ್ನಣೆ ಸಿಕ್ಕಿತು.

ಯಾವ ಕೆಲಸವನ್ನು ನಿರಾಕರಿಸಬಹುದು

ಹುಡುಕುವ ಷರತ್ತಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ: ಸಿಕ್ಕ ಕೆಲಸವನ್ನೆಲ್ಲ ಒಪ್ಪಲೇಬೇಕೇ? ಇಲ್ಲ. ತಕ್ಕ ಕೆಲಸವನ್ನು ಮಾತ್ರ ನಿರಾಕರಿಸುವಂತಿಲ್ಲ. ಯಾವುದು ತಕ್ಕದ್ದು ಎಂಬ ತೀರ್ಮಾನದಲ್ಲಿಯೇ ಕಾರ್ಮಿಕನ ರಕ್ಷಣೆ ಅಡಗಿದೆ. ವಾರಕ್ಕೆ ಎಷ್ಟು ಅರ್ಜಿ ಎಂಬ ಸಂಖ್ಯೆಗಿಂತ ಈ ತೀರ್ಮಾನ ಅವನ ಬದುಕನ್ನು ಹೆಚ್ಚು ಆಳವಾಗಿ ತಟ್ಟುತ್ತದೆ.

ಅಮೆರಿಕದ ಕೇಂದ್ರ ಕಾನೂನು ಮೂರು ಗೆರೆಗಳನ್ನು ಎಳೆದಿದೆ. ಮುಷ್ಕರ ಅಥವಾ ಬೀಗಮುದ್ರೆಯಿಂದ ತೆರವಾದ ಜಾಗಕ್ಕೆ ಹೋಗಲು ಒಪ್ಪದಿದ್ದರೆ ಭತ್ಯೆ ತಪ್ಪಿಸುವಂತಿಲ್ಲ. ಆ ಪ್ರದೇಶದಲ್ಲಿ ಅಂಥದೇ ಕೆಲಸಕ್ಕೆ ನಡೆಯುತ್ತಿರುವ ಕೂಲಿ, ಕೆಲಸದ ಅವಧಿ, ಪರಿಸ್ಥಿತಿಗಳಿಗಿಂತ ತೀರಾ ಕೆಳಮಟ್ಟದ ಕೆಲಸವನ್ನು ಬೇಡವೆಂದರೆ ತಪ್ಪಿಸುವಂತಿಲ್ಲ. ಮಾಲೀಕನ ಕೈಗೊಂಬೆಯಾದ ಸಂಘಕ್ಕೆ ಸೇರಬೇಕು ಅಥವಾ ನಿಜವಾದ ಕಾರ್ಮಿಕ ಸಂಘವನ್ನು ಬಿಡಬೇಕು ಎಂಬ ಷರತ್ತಿನ ಕೆಲಸವನ್ನು ತಿರಸ್ಕರಿಸಿದರೂ ತಪ್ಪಿಸುವಂತಿಲ್ಲ. ಕೆಲಸವಿಲ್ಲದವರ ಹಸಿವನ್ನು ಬಳಸಿ ದುಡಿಯುತ್ತಿರುವವರ ಕೂಲಿಯನ್ನು ಕೆಳಗಿಳಿಸಬಾರದು ಎಂಬ ವಿವೇಕ ಈ ಮೂರರ ಹಿಂದೆಯೂ ಇದೆ.

ಅದರಾಚೆಗಿನದನ್ನು ರಾಜ್ಯಗಳು ನಿರ್ಧರಿಸುತ್ತವೆ. ಹಿಂದಿನ ಸಂಬಳ, ತರಬೇತಿ, ಅನುಭವ, ಆರೋಗ್ಯ, ಮನೆಯಿಂದ ಕೆಲಸಕ್ಕೆ ಇರುವ ದೂರ ಇವನ್ನೆಲ್ಲ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ನಿರುದ್ಯೋಗದ ದಿನಗಳು ಬೆಳೆದಂತೆ ಆಯ್ಕೆಯ ಸ್ವಾತಂತ್ರ್ಯ ಕಿರಿದಾಗುತ್ತದೆ. ನಾರ್ತ್ ಕೆರೊಲಿನಾದಲ್ಲಿ ಮೊದಲ 10 ವಾರ ಕಳೆದ ಮೇಲೆ, ವಾರದ ಭತ್ಯೆಯ ಶೇ. 120ರಷ್ಟು ಸಂಬಳ ಕೊಡುವ ಯಾವುದೇ ಕೆಲಸವೂ ತಕ್ಕ ಕೆಲಸವೇ.

ಜರ್ಮನಿ ಇದೇ ವಿಚಾರವನ್ನು ಇನ್ನೂ ಖಚಿತವಾಗಿ ಬರೆದಿಟ್ಟಿದೆ. ಅಲ್ಲಿ ಭತ್ಯೆಯ ಪ್ರಮಾಣ ಹಿಂದಿನ ನಿವ್ವಳ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67. ಮೊದಲ ಮೂರು ತಿಂಗಳು ಹಿಂದಿನದಕ್ಕಿಂತ ಶೇ. 20ರವರೆಗೆ ಕಡಿಮೆ ಸಂಬಳದ ಕೆಲಸವನ್ನು ಒಪ್ಪಬೇಕು, ನಂತರದ ಮೂರು ತಿಂಗಳು ಶೇ. 30ರವರೆಗೆ. ಏಳನೇ ತಿಂಗಳಿನಿಂದ, ಕೈಗೆ ಬರುವ ಸಂಬಳ ಭತ್ಯೆಗಿಂತ ಕಡಿಮೆಯಾಗದಿದ್ದರೆ ಸಾಕು. ದಿನಕ್ಕೆ ಆರು ಗಂಟೆ ಮೀರಿದ ಕೆಲಸಕ್ಕೆ ಹೋಗಿಬರುವ ಪ್ರಯಾಣ ಒಟ್ಟು ಎರಡೂವರೆ ಗಂಟೆ ಆದರೂ ದೂರ ಎನ್ನುವಂತಿಲ್ಲ. ನಿಯಮ ಕಠಿಣವೇ. ಆದರೂ ಎಲ್ಲಿ ಗೆರೆ ಇದೆ ಎಂಬುದು ಕೆಲಸ ಹುಡುಕುವವನಿಗೂ ಅಧಿಕಾರಿಗೂ ಮೊದಲೇ ಗೊತ್ತಿರುತ್ತದೆ, ಅಧಿಕಾರಿಯ ಮರ್ಜಿಗೆ ಅವಕಾಶ ಕಡಿಮೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1988ರ 168ನೇ ಒಡಂಬಡಿಕೆಯೂ ಈ ದಾರಿಯಲ್ಲಿದೆ. ತಕ್ಕ ಕೆಲಸ ಯಾವುದೆಂದು ತೀರ್ಮಾನಿಸುವಾಗ ವ್ಯಕ್ತಿಯ ವಯಸ್ಸು, ಹಿಂದಿನ ವೃತ್ತಿಯಲ್ಲಿ ಕಳೆದ ಕಾಲ, ಗಳಿಸಿದ ಅನುಭವ, ನಿರುದ್ಯೋಗದ ಅವಧಿ, ಉದ್ಯೋಗ ಮಾರುಕಟ್ಟೆಯ ಸ್ಥಿತಿ, ಹೊಸ ಕೆಲಸದಿಂದ ಅವನ ಮನೆವಾರ್ತೆಯ ಮೇಲಾಗುವ ಪರಿಣಾಮ ಇವನ್ನೆಲ್ಲ ನೋಡಬೇಕೆಂದು ಅದು ಹೇಳುತ್ತದೆ.

ವಿನಾಯಿತಿ ಯಾರಿಗೆ

ಕೆಲವರಿಗೆ ಹುಡುಕಾಟದ ಷರತ್ತು ಸಡಿಲವಾಗುತ್ತದೆ, ಕೆಲವರಿಗೆ ಇರುವುದೇ ಇಲ್ಲ. ತಾತ್ಕಾಲಿಕವಾಗಿ ಮನೆಗೆ ಕಳಿಸಿ, ಇಂಥ ದಿನ ಮತ್ತೆ ಬನ್ನಿ ಎಂದು ಮಾಲೀಕ ಹೇಳಿದ್ದರೆ ಅಮೆರಿಕದ ಅನೇಕ ರಾಜ್ಯಗಳು ಕೆಲವು ವಾರಗಳ ಮಟ್ಟಿಗೆ ವಿನಾಯಿತಿ ಕೊಡುತ್ತವೆ. ಕಟ್ಟಡ ನಿರ್ಮಾಣದಂಥ ವೃತ್ತಿಗಳಲ್ಲಿ ಕಾರ್ಮಿಕ ಸಂಘದ ಮೂಲಕವೇ ಕೆಲಸ ಹಂಚಿಕೆಯಾಗುವುದರಿಂದ, ಸಂಘದಲ್ಲಿ ಸದಸ್ಯತ್ವ ಉಳಿಸಿಕೊಂಡು ಸರದಿಯಲ್ಲಿ ಹೆಸರಿಟ್ಟಿದ್ದರೆ ಅದನ್ನೇ ಹುಡುಕಾಟ ಎಂದು ಒಪ್ಪುತ್ತಾರೆ. ರಾಜ್ಯ ಒಪ್ಪಿದ ತರಬೇತಿಯಲ್ಲಿ ಇರುವವರಿಗೆ, ಕೆಲಸಕ್ಕೆ ಲಭ್ಯರಿಲ್ಲ ಎಂಬ ನೆಪದಲ್ಲಿ ಭತ್ಯೆ ನಿರಾಕರಿಸಬಾರದೆಂದು ಕೇಂದ್ರ ಕಾನೂನೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಎಳೆಯ ಮಗುವನ್ನು ನೋಡಿಕೊಳ್ಳುವವರು, ತೀವ್ರ ಅನಾರೋಗ್ಯದಲ್ಲಿರುವವರು, ಅಂಗವಿಕಲರ ಪೂರ್ಣ ಆರೈಕೆ ಮಾಡುವವರು ಹುಡುಕಾಟದಿಂದ ಮುಕ್ತರು.

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಷರತ್ತೇ ಅರ್ಥ ಕಳೆದುಕೊಂಡಿತು. ಮನೆಯಿಂದ ಹೊರಬರಬೇಡಿ ಎಂದು ಆಜ್ಞೆ ಮಾಡಿದ ಸರ್ಕಾರ, ಬಾಗಿಲು ಹಾಕಿದ ಅಂಗಡಿಗಳಲ್ಲಿ ಕೆಲಸ ಕೇಳಿ ಬನ್ನಿ ಎನ್ನುವಂತಿರಲಿಲ್ಲ. ಆ ತಿಂಗಳ ಕೊನೆಯ ಒಂದೇ ವಾರದಲ್ಲಿ ಅಮೆರಿಕದಲ್ಲಿ 60 ಲಕ್ಷಕ್ಕೂ ಹೆಚ್ಚು ಹೊಸ ಅರ್ಜಿಗಳು ಬಂದವು. ಕೇಂದ್ರದ ಅನುಮತಿಯಿಂದ ರಾಜ್ಯಗಳು ಹುಡುಕಾಟದ ನಿಯಮವನ್ನು ಅಮಾನತಿನಲ್ಲಿಟ್ಟವು. 2021ರಲ್ಲಿ ವ್ಯಾಪಾರ ಚೇತರಿಸಿಕೊಂಡಂತೆ ಒಂದೊಂದಾಗಿ ಮರಳಿ ತಂದವು.

ತಪ್ಪಿದರೆ ಏನಾಗುತ್ತದೆ

ಅಮೆರಿಕದಲ್ಲಿ ಒಂದು ವಾರ ಹುಡುಕಾಟ ತಪ್ಪಿದರೆ ಸಾಮಾನ್ಯವಾಗಿ ಆ ವಾರದ ಭತ್ಯೆ ಹೋಗುತ್ತದೆ. ತಕ್ಕ ಕೆಲಸವನ್ನು ನಿರಾಕರಿಸಿದರೆ ಶಿಕ್ಷೆ ದೊಡ್ಡದು; ಅನೇಕ ರಾಜ್ಯಗಳಲ್ಲಿ ಹೊಸ ಕೆಲಸಕ್ಕೆ ಸೇರಿ ನಿಗದಿತ ಮೊತ್ತ ಗಳಿಸುವವರೆಗೆ ಮತ್ತೆ ಅರ್ಹತೆ ಬರುವುದಿಲ್ಲ. ಹುಡುಕದೆಯೇ ಹುಡುಕಿದೆ ಎಂದು ಬರೆದುಕೊಟ್ಟರೆ ಅದು ವಂಚನೆ. ಪಡೆದ ಹಣವನ್ನು ಹಿಂದಿರುಗಿಸುವುದರ ಜೊತೆಗೆ ಕನಿಷ್ಠ ಶೇ. 15ರಷ್ಟು ದಂಡ ಕಟ್ಟಬೇಕು.

ಜರ್ಮನಿಯಲ್ಲಿ ಕರ್ತವ್ಯ ಕೆಲಸ ಹೋಗುವ ಮೊದಲೇ ಶುರುವಾಗುತ್ತದೆ. ನೌಕರಿ ಮುಗಿಯುವ ಮೂರು ತಿಂಗಳ ಮುಂಚೆ, ಅಥವಾ ವಿಷಯ ತಡವಾಗಿ ತಿಳಿದರೆ ತಿಳಿದ ಮೂರು ದಿನದೊಳಗೆ, ಉದ್ಯೋಗ ಕಚೇರಿಗೆ ತಿಳಿಸಬೇಕು. ತಡವಾದರೆ ಒಂದು ವಾರದ ಭತ್ಯೆ ಇಲ್ಲ. ಹುಡುಕಾಟ ಸಾಲದೆಂದು ಕಂಡರೆ ಎರಡು ವಾರದ್ದು ಇಲ್ಲ. ಸ್ವಿಟ್ಜರ್ಲೆಂಡಿನಲ್ಲೂ ನೋಟಿಸ್ ಅವಧಿಯಿಂದಲೇ ಹುಡುಕಾಟ ಆರಂಭಿಸಬೇಕು, ಪ್ರತಿ ತಿಂಗಳ ಪುರಾವೆಯನ್ನು ಮುಂದಿನ ತಿಂಗಳ 5ರೊಳಗೆ ಸಲ್ಲಿಸಬೇಕು. ಆಸ್ಟ್ರೇಲಿಯಾ 2022ರ ಜುಲೈನಲ್ಲಿ ತಿಂಗಳಿಗೆ ಇಷ್ಟು ಅರ್ಜಿ ಎಂಬ ಲೆಕ್ಕವನ್ನು ಬಿಟ್ಟು ಅಂಕಗಳ ಪದ್ಧತಿಗೆ ಬಂತು. ಅರ್ಜಿ, ಸಂದರ್ಶನ, ತರಬೇತಿ ಎಲ್ಲಕ್ಕೂ ಅಂಕಗಳಿದ್ದು, ಸಾಮಾನ್ಯವಾಗಿ ತಿಂಗಳಿಗೆ 100 ಅಂಕ ಸೇರಿಸಬೇಕು.

ಬ್ರಿಟನ್ನಿನ ದಂಡ ಕಠಿಣ. ಹುಡುಕಾಟದ ಕರ್ತವ್ಯ ಮೊದಲ ಬಾರಿ ತಪ್ಪಿದರೆ 28 ದಿನ, ಕೆಲಸ ನಿರಾಕರಿಸಿದರೆ 91 ದಿನ ಭತ್ಯೆ ಕಡಿತವಾಗುತ್ತದೆ. ಒಂದು ಕಾಲದಲ್ಲಿ ಮೂರು ವರ್ಷದವರೆಗೂ ಕಡಿತ ಮಾಡಬಹುದಿತ್ತು. 2019ರಲ್ಲಿ ಅದನ್ನು ಆರು ತಿಂಗಳಿಗೆ ಮಿತಗೊಳಿಸಿದರು. ಅದೇ ವರ್ಷದ ನವೆಂಬರ್ 5ರಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಮಹತ್ವದ ತೀರ್ಪು ಕೊಟ್ಟಿತು. ದೀರ್ಘಕಾಲ ನಿರುದ್ಯೋಗಿಗಳಾದವರಿಗೆ ಕನಿಷ್ಠ ಜೀವನಕ್ಕೆಂದು ಕೊಡುವ ಹಣದಲ್ಲಿ ಶೇ. 30ಕ್ಕಿಂತ ಹೆಚ್ಚು ಕಡಿತ ಮಾಡುವುದು ಸಂವಿಧಾನ ಕಾಪಾಡುವ ಮಾನವ ಘನತೆಗೆ ಹೊಂದುವುದಿಲ್ಲ ಎಂಬುದು ಅದರ ಸಾರ. ಕರ್ತವ್ಯ ವಿಧಿಸುವುದು ತಪ್ಪಲ್ಲ, ಆದರೆ ಹಸಿವಿನ ಅಂಚಿಗೆ ತಳ್ಳುವುದು ಶಿಕ್ಷೆಯ ಮಿತಿಯೊಳಗೆ ಬರುವುದಿಲ್ಲ ಎಂದು ನ್ಯಾಯಾಲಯ ಕಂಡಿತು.

ಷರತ್ತಿನಿಂದ ಪ್ರಯೋಜನವಾಗಿದೆಯೇ

ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದಲ್ಲಿ ನೇರ ಪ್ರಯೋಗಗಳೇ ನಡೆದಿವೆ. 1986 ಮತ್ತು 1987ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಕೆಲವು ಅರ್ಜಿದಾರರನ್ನು ಹುಡುಕಾಟದ ವರದಿಯಿಂದ ಪೂರ್ತಿ ಮುಕ್ತಗೊಳಿಸಿ ನೋಡಿದರು. ಇತರರಿಗಿಂತ ಅವರು ಸರಾಸರಿ ಮೂರು ವಾರಕ್ಕೂ ಹೆಚ್ಚು ಕಾಲ ಭತ್ಯೆ ಪಡೆದರು. 1994ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ವಾರಕ್ಕೆ 2 ಸಂಪರ್ಕದ ಬದಲು 4 ಸಂಪರ್ಕ ಬೇಕೆಂದು ಒಂದು ಗುಂಪಿಗೆ ಹೇಳಿದರು, ನಿಮ್ಮ ಸಂಪರ್ಕಗಳನ್ನು ಪರಿಶೀಲಿಸುತ್ತೇವೆ ಎಂದು ಇನ್ನೊಂದಕ್ಕೆ ತಿಳಿಸಿದರು, ಮತ್ತೊಂದನ್ನು ಕಾರ್ಯಾಗಾರಕ್ಕೆ ಕರೆದರು. ಮೂರೂ ಗುಂಪುಗಳಲ್ಲಿ ಭತ್ಯೆಯ ಅವಧಿ ಅರ್ಧ ವಾರದಿಂದ ಒಂದು ವಾರದವರೆಗೆ ತಗ್ಗಿತು. ಕೆಂಟಕಿ ರಾಜ್ಯದ ಅಧ್ಯಯನವೊಂದು 2003ರಲ್ಲಿ ತೋರಿಸಿದ ಸಂಗತಿ ಕುತೂಹಲದ್ದು. ಕಡ್ಡಾಯ ತರಬೇತಿಗೆ ಬನ್ನಿ ಎಂಬ ಪತ್ರ ಕೈಸೇರುತ್ತಿದ್ದಂತೆ, ತರಬೇತಿ ಶುರುವಾಗುವ ಮೊದಲೇ, ಒಂದಷ್ಟು ಜನ ಭತ್ಯೆ ಬಿಟ್ಟು ಹೋದರು.

ಇಷ್ಟರಿಂದ ಷರತ್ತು ಗೆದ್ದಿತು ಎಂದು ಹೇಳಿಬಿಡುವಂತಿಲ್ಲ. ಭತ್ಯೆ ಬಿಟ್ಟವರೆಲ್ಲ ಕೆಲಸಕ್ಕೆ ಸೇರಿದರು ಎಂದು ಅರ್ಥವಲ್ಲ. ಬ್ರಿಟನ್ನಿನ 1996ರ ಬದಲಾವಣೆಯ ದೀರ್ಘಕಾಲಿಕ ಪರಿಣಾಮವನ್ನು ಅರ್ಥಶಾಸ್ತ್ರಜ್ಞೆ ಬಾರ್ಬರಾ ಪೆಟ್ರೊಂಗೊಲೊ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಷರತ್ತು ಬಿಗಿಯಾದ ಮೇಲೆ ನಿರುದ್ಯೋಗ ಭತ್ಯೆಯಿಂದ ಹೊರಬಿದ್ದವರಲ್ಲಿ ಒಂದು ಭಾಗ ಅನಾರೋಗ್ಯದ ಭತ್ಯೆಯತ್ತ ಸರಿದಿತ್ತು. ನಂತರದ ವರ್ಷಗಳಲ್ಲಿ ಅವರು ದುಡಿದ ವಾರಗಳೂ ಹೆಚ್ಚಲಿಲ್ಲ. ಒಂದು ಪಟ್ಟಿಯಿಂದ ಹೆಸರು ಹೋಗಿ ಇನ್ನೊಂದು ಪಟ್ಟಿಗೆ ಸೇರಿದರೆ ಸರ್ಕಾರಕ್ಕೆ ಉಳಿತಾಯವೂ ಇಲ್ಲ, ಆ ವ್ಯಕ್ತಿಗೆ ದುಡಿಮೆಯೂ ಇಲ್ಲ.

ಷರತ್ತಿನ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಕಂಪ್ಯೂಟರ್ ಬಳಸಲು ಬಾರದವರು, ಇಂಟರ್ನೆಟ್ ಸಂಪರ್ಕ ಇಲ್ಲದವರು, ನೆಲೆಸಿದ ದೇಶದ ಭಾಷೆಯನ್ನು ಚೆನ್ನಾಗಿ ಅರಿಯದ ವಲಸಿಗರು, ಬಸ್ಸಿಲ್ಲದ ಊರಿನವರು ಹುಡುಕಾಟದಲ್ಲಿ ಹಿಂದೆ ಬೀಳುವುದಕ್ಕಿಂತ ಮೊದಲು ಹುಡುಕಾಟದ ವರದಿಯಲ್ಲಿ ಹಿಂದೆ ಬೀಳುತ್ತಾರೆ. ಕೆನ್ ಲೋಚ್ ನಿರ್ದೇಶಿಸಿ 2016ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ಪಡೆದ 'ಐ, ಡೇನಿಯಲ್ ಬ್ಲೇಕ್' ಚಿತ್ರ ಇಂಥವನೊಬ್ಬನ ಕಥೆ. ನ್ಯೂಕ್ಯಾಸಲ್‌ನ ಬಡಗಿಯೊಬ್ಬ ಹೃದಯಾಘಾತದಿಂದ ಕೆಲಸ ಮಾಡಲಾಗದೆ, ಆದರೂ ಭತ್ಯೆಗಾಗಿ ಕೆಲಸ ಹುಡುಕಿದ ಲೆಕ್ಕ ಒಪ್ಪಿಸಬೇಕಾದ ಸಂಕಟವನ್ನು ಅದು ತೋರಿಸಿತು. ಸಂಖ್ಯೆಯ ಗುರಿ ಮುಟ್ಟಿಸಲು ಹಾಕುವ ಅರ್ಜಿಗಳಿಂದ ಮಾಲೀಕರಿಗೂ ಕಿರಿಕಿರಿಯೇ. ತಮ್ಮಲ್ಲಿ ಖಾಲಿ ಇಲ್ಲದ ಹುದ್ದೆಗೂ, ತಕ್ಕ ಅರ್ಹತೆ ಇಲ್ಲದವರಿಂದಲೂ ಬರುವ ಅರ್ಜಿಗಳನ್ನು ಅವರು ಓದಬೇಕಾಗುತ್ತದೆ.

ಭಾರತದಲ್ಲಿ, ಕರ್ನಾಟಕದಲ್ಲಿ

ಭಾರತದಲ್ಲಿ ಎಲ್ಲ ಕಾರ್ಮಿಕರಿಗೂ ಅನ್ವಯವಾಗುವ ನಿರುದ್ಯೋಗ ವಿಮೆ ಇಲ್ಲ. ಕಾರ್ಮಿಕರ ರಾಜ್ಯ ವಿಮಾ ನಿಗಮದ ವ್ಯಾಪ್ತಿಯಲ್ಲಿರುವವರಿಗೆ 2005ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇವೆ. ಎರಡನೆಯದರಲ್ಲಿ ಗರಿಷ್ಠ 90 ದಿನಗಳ ಪರಿಹಾರ ಸಿಗುತ್ತದೆ. 2020ರಲ್ಲಿ ಅದರ ಪ್ರಮಾಣವನ್ನು ಸರಾಸರಿ ದಿನಗೂಲಿಯ ಶೇ. 25ರಿಂದ ಶೇ. 50ಕ್ಕೆ ಏರಿಸಲಾಯಿತು. ವಾರವಾರ ಹುಡುಕಾಟದ ಲೆಕ್ಕ ಒಪ್ಪಿಸುವ ನಿಯಮ ಇವುಗಳಲ್ಲಿ ಇಲ್ಲ. ಅವಧಿಯೇ ಚಿಕ್ಕದಾದ್ದರಿಂದ ಅದರ ಅಗತ್ಯವೂ ಕಡಿಮೆ.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಇದೇ ವಿಚಾರವನ್ನು ಇನ್ನೊಂದು ತುದಿಯಿಂದ ಹಿಡಿಯಿತು. ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ಸರ್ಕಾರವೇ ನಿರುದ್ಯೋಗ ಭತ್ಯೆ ಕೊಡಬೇಕೆಂದು ಅದು ವಿಧಿಸಿತು. ಕೊಟ್ಟ ಕೆಲಸಕ್ಕೆ ಹೋಗದವರು ಮೂರು ತಿಂಗಳು ಭತ್ಯೆ ಕೇಳುವಂತಿಲ್ಲ ಎಂಬ ಷರತ್ತನ್ನೂ ಇಟ್ಟಿತು. ಕೆಲಸ ಹುಡುಕುವ ಹೊಣೆ ಇಲ್ಲಿ ಮೊದಲು ಸರ್ಕಾರದ್ದಾಯಿತು, ಒಪ್ಪುವ ಹೊಣೆ ಜನರದ್ದು.

ಕರ್ನಾಟಕದ ಯುವನಿಧಿ ಯೋಜನೆ 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಬಿಡುಗಡೆ ಮಾಡಿತು. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಉನ್ನತ ಶಿಕ್ಷಣ ಮುಂದುವರಿಸಿದವರಿಗೆ ಇದು ಇಲ್ಲ. ಇಲ್ಲಿ ಕೇಳುವುದು, ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂಘೋಷಣೆಯನ್ನು. ಎಷ್ಟು ಕಡೆ ಅರ್ಜಿ ಹಾಕಿದಿರಿ ಎಂಬ ಪ್ರಶ್ನೆ ಇಲ್ಲ. ಬಹುಪಾಲು ಕೆಲಸ ಅಸಂಘಟಿತ ವಲಯದಲ್ಲಿದ್ದು, ಪರಿಚಯದ ಮೂಲಕ, ಬಾಯಿಮಾತಿನಲ್ಲಿ ಸಿಗುವ ನಾಡಿನಲ್ಲಿ ಅರ್ಜಿಗಳ ಎಣಿಕೆ ಹುಡುಕಾಟದ ಅಳತೆಯಾಗುವುದೂ ಕಷ್ಟ. ಖಾಲಿ ಹುದ್ದೆಗಳೇ ಕಣ್ಣಿಗೆ ಬೀಳದ ಕಡೆ ಹುಡುಕು ಎನ್ನುವ ಮೊದಲು ಅವನ್ನು ಕಾಣುವಂತೆ ಮಾಡಬೇಕು. 1959ರ ಖಾಲಿ ಹುದ್ದೆಗಳ ಕಡ್ಡಾಯ ಅಧಿಸೂಚನೆ ಕಾಯ್ದೆಯ ಉದ್ದೇಶವೂ ಅದೇ ಆಗಿತ್ತು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಷರತ್ತು ನೇರವಾಗಿ ಎದುರಾಗುತ್ತದೆ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದವರು ಕೆಲಸ ಕಳೆದುಕೊಂಡಾಗ ರಾಜ್ಯದ ನಿಯಮದಂತೆ ಹುಡುಕಾಟದ ದಾಖಲೆ ಇಟ್ಟು ಭತ್ಯೆ ಪಡೆಯಬಹುದು. ಎಚ್-1ಬಿ ವೀಸಾದಲ್ಲಿ ಇರುವವರ ಸ್ಥಿತಿ ಬೇರೆ. ಅವರ ಕೆಲಸದ ಅನುಮತಿ ಒಬ್ಬ ಮಾಲೀಕನಿಗೆ ಕಟ್ಟುಬಿದ್ದಿರುವುದರಿಂದ, ಯಾವುದೇ ಕೆಲಸಕ್ಕೆ ಲಭ್ಯ ಎಂಬ ಅಂಗವನ್ನು ಪೂರೈಸುವುದು ಕಷ್ಟವಾಗುತ್ತದೆ. 2017ರ ನಿಯಮದಂತೆ ಹೊಸ ಮಾಲೀಕನನ್ನು ಹುಡುಕಿಕೊಳ್ಳಲು ಅವರಿಗೆ ಸಾಮಾನ್ಯವಾಗಿ ಸಿಗುವುದು 60 ದಿನ ಮಾತ್ರ.

ನ್ಯಾಯವಾದ ಷರತ್ತಿನ ಲಕ್ಷಣಗಳು

ಒಂದು ಶತಮಾನದ ಅನುಭವದಿಂದ ಕೆಲವು ಮಾತುಗಳು ಸ್ಪಷ್ಟವಾಗುತ್ತವೆ. ಯಾವುದು ಹುಡುಕಾಟ, ಯಾವುದು ತಕ್ಕ ಕೆಲಸ ಎಂಬುದನ್ನು ಮೊದಲೇ ಸರಳ ಭಾಷೆಯಲ್ಲಿ ಬರೆದಿಡಬೇಕು. ಪ್ರಯತ್ನದ ಪ್ರಮಾಣ ಊರಿನಲ್ಲಿರುವ ಅವಕಾಶಕ್ಕೂ ವ್ಯಕ್ತಿಯ ಆರೋಗ್ಯಕ್ಕೂ ಮನೆಯ ಹೊಣೆಗೂ ತಕ್ಕಂತೆ ಇರಬೇಕು. ತರಬೇತಿಯನ್ನೂ ಹುಡುಕಾಟವೆಂದು ಎಣಿಸಬೇಕು. ತಪ್ಪು ಕಂಡಾಗ ವಿವರಣೆ ಕೊಡಲು ಅವಕಾಶ, ಬಳಿಕ ಮೇಲ್ಮನವಿಯ ದಾರಿ ಇರಬೇಕು. ದಂಡ ಎಷ್ಟೇ ಇದ್ದರೂ ಅನ್ನಕ್ಕೆ ಕೈಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಹುಡುಕು ಎಂದು ಹೇಳುವ ಕಚೇರಿ ತಾನೂ ಹುಡುಕಬೇಕು. ಖಾಲಿ ಹುದ್ದೆಗಳ ಮಾಹಿತಿ ತರಬೇಕು, ಮಾಲೀಕರೊಂದಿಗೆ ಮಾತಾಡಬೇಕು, ಅರ್ಜಿದಾರನ ಜೊತೆ ಕುಳಿತು ಅವನ ಕೈಯಲ್ಲಿರುವ ಕಸುಬಿಗೆ ಎಲ್ಲಿ ಬೆಲೆ ಇದೆ ಎಂದು ನೋಡಬೇಕು. 1930ರಲ್ಲಿ ಬ್ರಿಟನ್ ಸಾಬೀತಿನ ಭಾರವನ್ನು ಕಾರ್ಮಿಕನ ಹೆಗಲಿನಿಂದ ಇಳಿಸಿದಾಗ ಒಪ್ಪಿಕೊಂಡದ್ದು ಇದನ್ನೇ: ಕೆಲಸ ಇದೆ ಎಂದು ತೋರಿಸಲಾಗದ ಸರ್ಕಾರಕ್ಕೆ, ನೀನು ಹುಡುಕಲಿಲ್ಲ ಎಂದು ದೂರುವ ಹಕ್ಕಿಲ್ಲ.